ನಗರಸಭೆಗೆ ಅರ್ಧ, ಶಾಲೆಗೆ ಅರ್ಧ

“ನಿನ್ನ ಮಗಳ ಬಾಯಿ ಬಾಯಲ್ಲ ಕಣಮ್ಮ, ಕಕ್ಕಸು. ಮನೇಲೂ ನೀವು ಇಂಗೇ ಮಾತಾಡೋದಾ?”

ಶಾಲೆಯ ಪೊಲೀಸ್ ಪ್ರೂಯಿಟ್ ಇದನ್ನು ಕೇಳಿದ್ದು ಊಟದ ಸಾಲಿನಲ್ಲಿ, ಎಲ್ಲರ ಎದುರಿಗೆ, ನಾನು ಅವನ ತಟ್ಟೆಗೆ ಬೀನ್ಸು ಬಡಿಸುತ್ತಿದ್ದಾಗ. ನಾನು ಆ ಶಾಲೆಯ ಅಡುಗೆಮನೆಯವಳು. ನನ್ನ ಮಗಳು ಇಟ್ಸೆಲ್ ಅಲ್ಲೇ ಏಳನೇ ತರಗತಿ. ಅವತ್ತು ಬೆಳಿಗ್ಗೆ ಒಬ್ಬ ಹುಡುಗ ಜಡೆ ಹಿಡಿದೆಳೆದು ಅವಳ ತಲೆಯನ್ನು ಗೋಡೆಗೆ ಬಡಿದಿದ್ದ. ಅವಳು “ಬಿಡೋ ಸೂಳೆಮಗನೇ” ಅಂದಳು. ಹುಡುಗನಿಗೆ ಬುದ್ಧಿಮಾತು, ನನ್ನ ಮಗಳಿಗೆ ಕೆಟ್ಟ ಮಾತಾಡಿದ್ದಕ್ಕೆ ಪ್ರೂಯಿಟ್ ಬರೆದ ದಂಡದ ಚೀಟಿ. ಕಟ್ಟದಿದ್ದರೆ ಹದಿನೇಳು ತುಂಬುತ್ತಲೇ ಅವಳ ಮೇಲೆ ವಾರಂಟು. ನಮ್ಮ ಟೆಕ್ಸಸ್ಸಿನಲ್ಲಿ ಆಗ ಹಾಗಿತ್ತು.

ಚೀಟಿ ಯಾಕೆ ಬಂತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರ ಶಾಲಾ ಮಂಡಳಿಯ ಸಭೆ ನಮ್ಮ ಊಟದ ಹಾಲಿನಲ್ಲೇ ನಡೆದಿತ್ತು. ಕಾಫಿ ಹೊಯ್ದವಳು ನಾನೇ. ಮಕ್ಕಳಿಂದ ವಸೂಲಾದ ದಂಡದಲ್ಲಿ ನಗರಸಭೆಗೆ ಅರ್ಧ, ಶಾಲೆಗೆ ಅರ್ಧ ಅಂತ ಅವರವರಲ್ಲೇ ಒಪ್ಪಂದ. ಖಜಾಂಚಿ ಮುಖ ಸಿಂಡರಿಸಿ, “ಈ ಸಲ ನಮ್ಮ ಪಾಲು ಸೊರಗೋಗ್ಯದೆ ಪ್ರೂಯಿಟ್. ಹುಡುಗ್ರೆಲ್ಲ ಸನ್ಯಾಸಿಗಳಾಗೋದ್ರಾ?” ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿ ಹೊಯ್ಯುವವಳಿಗೂ ಕಿವಿ ಇರುತ್ತದೆ ಅಂತ ಒಬ್ಬನಿಗೂ ಹೊಳೆಯಲಿಲ್ಲ.

ದಂಡ ಮಾಫಿ ಮಾಡಿ ಅಂತ ಅರ್ಜಿ ಹಾಕಿದೆ, ಕೋರ್ಟಿನಿಂದ ಕರೆ ಬಂತು. ಕೋರ್ಟಿಗೆ ಹೋಗುವುದೆಂದರೆ ನಮ್ಮವರಿಗೆ ಇಗರ್ಜಿಗೆ ಹೋದ ಹಾಗೆ. ಇದ್ದುದರಲ್ಲಿ ಒಳ್ಳೆಯದನ್ನು ತೊಡಬೇಕು. ಪಕ್ಕದ ಮನೆಯ ಹೊವೀತಕ್ಕ ತನ್ನ ಮಗಳಿಗೆ ಹದಿನೈದು ತುಂಬುವ ದಿನದ ಹಬ್ಬಕ್ಕೆಂದು ಮಾಡಿಸಿಟ್ಟಿದ್ದ ಚಿನ್ನದ ಓಲೆ ತಂದು ನನ್ನ ಕಿವಿಗೆ ಹಾಕಿದಳು. “ಬಿಕನಾಸಿ ತರ ಹೋಗ್ಬ್ಯಾಡ ಕಣೆ ನೊಎಮಿ. ನೀನು ಮರ್ವಾದೆ ಕೊಟ್ರೆ ಅವ್ರೂ ಕೊಡ್ತಾರೆ.”

ಜಡ್ಜು ನನ್ನ ಅರ್ಜಿ ನೋಡಲಿಲ್ಲ, ಕಿವಿ ನೋಡಿದರು.

“ಬಡವರು, ದಂಡ ಮಾಫಿ ಮಾಡಿ ಅಂತೀಯ. ಅದೇನು, ಹಿತ್ತಾಳೆನಾ?”

“ಎರವಲು ತಂದಿದ್ದು ಸ್ವಾಮಿ.”

“ಓಲೆ ಕೊಡೋರು ದಂಡಕ್ಕೂ ಕೊಡ್ತಾರೆ ಬಿಡು.” ಹಿಂದಿನ ಬೆಂಚಿನಲ್ಲಿ ಪ್ರೂಯಿಟ್ ಕಿಸಕ್ಕನೆ ನಕ್ಕ. ಜಡ್ಜು ಮುಂದುವರಿಸಿದರು, “ತಪ್ಪು ಒಪ್ಕೊಂಡ್ರೆ ಇವತ್ತೇ ಮುಗೀತದೆ. ಇಲ್ಲಾಂದ್ರೆ ವಿಚಾರಣೆ. ಇನ್ನೊಂದಿನ ಬಾ, ಮತ್ತೊಂದಿನ ಬಾ.”

ವಿಚಾರಣೆಯೇ ಆಗಲಿ, ಆ ಹುಡುಗನನ್ನೂ ಕರೆಸಲಿ, ಗೋಡೆಗೆ ಬಡಿದದ್ದು ಯಾರ ತಲೆ ಅಂತ ಕೇಳಲಿ. ಇಷ್ಟನ್ನೂ ಹೇಳಬೇಕೆಂದು ಬಾಯಿ ತೆರೆದೆ. ಇಟ್ಸೆಲ್ ನನ್ನ ತೋಳು ಹಿಂಡಿ ಮುಂದೆ ಬಂದಳು.

“ತಪ್ಪಾಯ್ತು ಸಾರ್.”

ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ನಮ್ಮ ಮನೆಮಾತು ಸ್ಪ್ಯಾನಿಷ್‌ನಲ್ಲಿ, “ಇನ್ನೊಂದಿನ ರಜ ಹಾಕಿದ್ರೆ ನಿನ್ನ ಕೆಲ್ಸದಿಂದ ತೆಗೆದಾಕ್ತಾರೆ ಕಣವ್ವ. ಬುಡು.”

“ಜಾಣೆ,” ಅಂದರು ಜಡ್ಜು. ಏಟು ತಿಂದವಳು ನನ್ನ ಮಗಳು, ತಪ್ಪಾಯ್ತು ಅಂದವಳೂ ನನ್ನ ಮಗಳೇ. ಹೊವೀತಕ್ಕ ಅದೇ ಓಲೆಗಳನ್ನು ಅಡವಿಟ್ಟು ದಂಡ ಕಟ್ಟಿಸಿದಳು. ಜಡ್ಜು ಹೇಳಿದ ಮಾತು ಸುಳ್ಳಾಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಪ್ರೂಯಿಟ್ ಎಂದಿನಂತೆ ಮಕ್ಕಳ ಸಾಲನ್ನು ದಾಟಿ ಬಂದು ತಟ್ಟೆ ಚಾಚಿದ.

“ಯಾಕಮ್ಮ, ಮಕ ಊದಿಸ್ಕಂಡಿದೀಯ? ಹಾಕು ಹಾಕು. ಚೀಸ್ ಜಾಸ್ತಿ ಇರ್ಲಿ.”

ಚೀಸ್ ತುಂಬಿ ಸುತ್ತಿದ ರೊಟ್ಟಿ, ಎಂಚಿಲಾಡ, ಎರಡು ಹಾಕಿದೆ. ಬೀನ್ಸು ಹಾಕಿದೆ, ಬನ್ನು ಇಟ್ಟೆ. ಆಮೇಲೆ ಒಂದು ಎಂಚಿಲಾಡ ವಾಪಸ್ ತೆಗೆದೆ. ಬೀನ್ಸಿನಲ್ಲಿ ಅರ್ಧ ತೋಡಿಕೊಂಡೆ. ಬನ್ನು ಮುರಿದು ಒಂದು ಚೂರು ಅವನಿಗೆ ಬಿಟ್ಟೆ. ತೆಗೆದದ್ದನ್ನೆಲ್ಲ ಇನ್ನೊಂದು ತಟ್ಟೆಗೆ ಹಾಕಿ ಕಟ್ಟೆಯ ಮೇಲಿಟ್ಟೆ.

“ಏಯ್, ಏನೇ ಇದು?”

“ಇದು ನಗರಸಭೆ ಪಾಲು ಸಾರ್. ಮೇಯರ್ ಸಾಹೇಬ್ರು ಬಂದ್ರೆ ಕೊಡ್ತೀನಿ.”

ಸಾಲಿನಲ್ಲಿ ಯಾರೋ ಕಿಲಕ್ಕೆಂದರು. ಪ್ರೂಯಿಟ್‌ನ ಕತ್ತು ಕೆಂಪಾಯಿತು. ಕೈ ಜೇಬಿನ ಚೀಟಿ ಪುಸ್ತಕಕ್ಕೆ ಹೋಯಿತು. ಒಳಗಿನಿಂದ ನಮ್ಮ ಮೇಲ್ವಿಚಾರಕಿ, “ನೊಎಮಿ! ಏಪ್ರನ್ ಬಿಚ್ಚಿಟ್ಟು ಆಚೆ ನಡಿ!” ಅಂತ ಕೂಗಿದಳು.

ನಾನು ಸೌಟು ಕೆಳಗಿಡಲಿಲ್ಲ. “ಮುಂದೆ ಯಾರು, ಬನ್ನಿ,” ಅಂದೆ.

ಯಾವ ಮಗುವೂ ಕದಲಲಿಲ್ಲ. ಆಮೇಲೆ ಇಟ್ಸೆಲ್ ಸಾಲು ಬಿಟ್ಟು, ಪೊಲೀಸನ ಪಕ್ಕದಲ್ಲೇ ಬಂದು ನಿಂತು ತಟ್ಟೆ ಚಾಚಿದಳು.

“ನಂಗೆ ಪೂರ್ತಿ ಹಾಕವ್ವ.”