ಬಚ್ಚಲ ಚಾವಣಿಯ ನೀರು

ಲಿಯೊನೆಲ್‌ನ ಬಾತ್‌ರೂಮಿನ ಚಾವಣಿ ಸೋರತೊಡಗಿದ್ದು ಮೇ ತಿಂಗಳಲ್ಲಿ. ಮೊದಲ ಹನಿ ಬಿದ್ದದ್ದು ನೆತ್ತಿಯ ಮೇಲೆ, ಗಡ್ಡ ಹೆರೆಯುತ್ತಿದ್ದಾಗ. ಅವನು ಟವೆಲಿನಿಂದ ತಲೆ ಒರೆಸಿಕೊಂಡು, ಮೇಲೆ ನೋಡಿ, "ಬ್ಯಾರಿಗಳ ಮನೆಯದ್ದು" ಅಂದ. ತನಿಖೆ ಅಲ್ಲಿಗೆ ಮುಗಿಯಿತು.

ಹಾಗನ್ನಲು ಕಾರಣ ಇರಲಿಲ್ಲವೆಂದಲ್ಲ. ಗಲ್ಫಿನ ಬನಿಯಾಸಿನಲ್ಲಿದ್ದ ಆ ಕಟ್ಟಡ ಇಡಿಯಾಗಿ ಒಂದು ಆಹಾರ ಕಂಪನಿಯದ್ದು. ಇದ್ದವರೆಲ್ಲ ಅದರ ನೌಕರರೇ. ಲಿಯೊನೆಲ್ ಅಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯದ ಹಿರಿಯ ಕೆಮಿಸ್ಟ್. ಮೇಲಿನ ಫ್ಲ್ಯಾಟಿನಲ್ಲಿ ಗೋದಾಮಿನ ಶಾಹುಲ್ ಹಮೀದ್, ಹೆಂಡತಿ ಝುಲೈಖ, ಹತ್ತನೇ ಕ್ಲಾಸಿನ ಮಗಳು ಜುಮಾನಾ. ಬೆಳಿಗ್ಗೆ ಆರಕ್ಕೆ ಅಲ್ಲಿ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತಿತ್ತು. ರಜೆಯ ದಿನ ಮಸಾಲೆ ಕುಟ್ಟುವುದು. ಬಾಲ್ಕನಿ ತೊಳೆದ ನೀರು ಕೆಳಗೆ ಲಿಯೊನೆಲ್‌ನ ಹೆಂಡತಿ ಕಾರ್ಮಿನ್ ಒಣಹಾಕಿದ ಬಟ್ಟೆಗಳ ಮೇಲೆ ನೇರವಾಗಿ ಇಳಿಯುತ್ತಿತ್ತು. ಲಿಯೊನೆಲ್ ಹೋಗಿ ಹೇಳಿದಾಗಲೆಲ್ಲ ಹಮೀದ್, "ಇನ್ನು ಆಗಲಿಕ್ಕಿಲ್ಲ ಮಾರಾಯ್ರೇ" ಅನ್ನುತ್ತಿದ್ದ. ಎರಡು ದಿನ ಆಗುತ್ತಿರಲಿಲ್ಲ.

ನಾಲ್ಕು ವರ್ಷ ಬಾಯಲ್ಲಿ ಹೇಳಿದ್ದಾಗಿತ್ತು. ಸೋರಿಕೆಯನ್ನು ಅವನು ಕಂಪನಿಯ ವಸತಿ ವಿಭಾಗಕ್ಕೆ ಕಾಗದದಲ್ಲಿ ಬರೆದುಕೊಟ್ಟ. ಮೂರು ವಾರದ ನಂತರ ಇನ್ನೊಂದು. ಕಂಪನಿಯ ನಿಯಮದಂತೆ ಒಂದು ಮನೆಯ ಮೇಲೆ ಮೂರು ಲಿಖಿತ ದೂರು ಬಂದರೆ ವಿಚಾರಣೆ. ತಪ್ಪು ಖಚಿತವಾದರೆ ಫ್ಯಾಮಿಲಿ ಫ್ಲ್ಯಾಟ್ ರದ್ದು. ಗಂಡಸು ಬ್ಯಾಚುಲರ್ ಕೋಣೆಗೆ, ಹೆಂಡತಿ ಮಕ್ಕಳು ಊರಿಗೆ. ಇದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಮೂರನೇದು ಕೊಟ್ರೆ ಆ ಹುಡುಗಿಯ ಶಾಲೆ?" ಕಾರ್ಮಿನ್ ಕೇಳಿದಳು.

"ಶಾಲೆ ಊರಲ್ಲೂ ಉಂಟು."

"ಹತ್ತನೇ ಕ್ಲಾಸಿನ ನಡುವೆ?"

"ನನ್ನ ತಲೆ ಮೇಲೆ ಅವರ ಮೈ ತೊಳೆದ ನೀರು ಬೀಳ್ತಾ ಉಂಟು. ಯಾರಾದ್ರೂ ಪಾಪ ಅಂದ್ರಾ?"

"ಪಾಪ," ಅಂದಳು ಕಾರ್ಮಿನ್, ಈರುಳ್ಳಿ ಹೆಚ್ಚುತ್ತ.

ಮತ್ತೆರಡು ವಾರ ಕಳೆದು ಮೂರನೆಯದನ್ನೂ ಕೊಟ್ಟ. ವಿಚಾರಣೆ ಗುರುವಾರ ಹತ್ತು ಗಂಟೆಗೆ ಅಂತ ಗೊತ್ತಾಯಿತು. ಬರಿಗೈಯಲ್ಲಿ ಹೋಗುವುದು ಅವನ ಸ್ವಭಾವಕ್ಕೆ ಒಗ್ಗದು. ಬುಧವಾರ ಸಂಜೆ ಬಾಟಲಿಯೊಂದನ್ನು ಮೂರು ಸಲ ತೊಳೆದು, ಚಾವಣಿಯ ಅಲ್ಯೂಮಿನಿಯಂ ಹಲಗೆಗಳ ಸಂದಿನ ಕೆಳಗೆ ಹಿಡಿದು, ಹನಿಗಳನ್ನು ಕೂಡಿಸಿದ. ಇನ್ನೊಂದು ಬಾಟಲಿಗೆ ನಲ್ಲಿ ನೀರು. ಎರಡಕ್ಕೂ ಚೀಟಿ ಅಂಟಿಸಿದ. ಸೋರಿದ್ದರಲ್ಲಿ ಸೋಪು, ಸಿಮೆಂಟಿನ ಸುಣ್ಣ ಎಲ್ಲ ಸೇರಿ ಲವಣಾಂಶ ನಲ್ಲಿ ನೀರಿಗಿಂತ ಹೆಚ್ಚಿರಬೇಕು. ಆ ಅಂಕಿಯನ್ನು ಮುಂದಿಟ್ಟರೆ ಹಮೀದನಿಗೆ ಮಾತಾಡಲು ಏನೂ ಉಳಿಯುವುದಿಲ್ಲ.

ಗುರುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಲವಣ ಅಳೆಯುವ ಮೀಟರನ್ನು ಮೊದಲು ನಲ್ಲಿ ನೀರಿನಲ್ಲಿ ಅದ್ದಿದ. ನೂರ ನಲವತ್ತೆರಡು. ಆಮೇಲೆ ಚಾವಣಿಯ ನೀರಿನಲ್ಲಿ. ಒಂಬತ್ತು.

ಮೀಟರನ್ನು ತೊಳೆದು ಮತ್ತೆ ಅದ್ದಿದ. ಒಂಬತ್ತು. ಮೂರನೇ ಸಲ ಎಂಟು.

ಕೊಳಾಯಿಯಲ್ಲಿ ಹರಿದ ನೀರು ಕಾಂಕ್ರೀಟು ದಾಟಿ ಬರುವಾಗ ಲವಣ ಕೂಡಿಸಿಕೊಳ್ಳುತ್ತದೆ, ಕಳೆದುಕೊಳ್ಳುವುದಿಲ್ಲ. ಒಂಬತ್ತು ಅಂದರೆ ಕೊಳಾಯಿಯನ್ನೇ ಕಾಣದ ನೀರು; ತಣ್ಣನೆ ಲೋಹದ ಮೇಲೆ ಗಾಳಿಯಿಂದ ಇಳಿದದ್ದು. ಅವನ ಬಾತ್‌ರೂಮಿನ ಆ ಹಲಗೆಗಳ ಮೇಲೆ ಅವನದೇ ಮನೆಯ ಏಸಿ ಯಂತ್ರ ಕೂತಿತ್ತು. ಅದರಡಿಗೆ ಒಂದು ತಟ್ಟೆ, ತಟ್ಟೆಯಿಂದ ನೀರು ಹೊರಹೋಗಲು ಒಂದು ಪೈಪು. ಪೈಪು ತೊಳೆಯಲು ಮೂರು ತಿಂಗಳಿಗೊಮ್ಮೆ ಜನ ಬರುತ್ತಿದ್ದರು. ಕಳೆದ ಎರಡು ಸಲವೂ ಲಿಯೊನೆಲ್, ಇವತ್ತು ರಜೆ, ಧೂಳು ಮಾಡಬೇಡಿ ಎಂದು ಅವರನ್ನು ಬಾಗಿಲಿನಿಂದಲೇ ಕಳಿಸಿದ್ದ.

ಗಂಟೆ ಒಂಬತ್ತೂವರೆ. ಸ್ಯಾಂಪಲನ್ನು ಯಾರೂ ಕೇಳಿರಲಿಲ್ಲ. ಸಿಂಕಿಗೆ ಚೆಲ್ಲಿ ಬಾಟಲಿ ತೊಳೆದಿಟ್ಟರೆ ಮುಗಿಯಿತು. ಮುಂದಿನ ವಾರ ಸದ್ದಿಲ್ಲದೆ ಪೈಪು ತೊಳೆಸಬಹುದು. ಮೇಲೆ ಬೇರೆ ಯಾರಾದರೂ ಬರುತ್ತಾರೆ, ಕುರ್ಚಿ ಎತ್ತಿ ಇಡುವವರು. ಇದನ್ನೆಲ್ಲ ಅವನು ಸ್ಪಷ್ಟವಾಗಿಯೇ ಯೋಚಿಸಿದ, ಸುಮಾರು ನಾಲ್ಕು ನಿಮಿಷ. ಆಮೇಲೆ ಲ್ಯಾಬಿನ ರಿಜಿಸ್ಟರು ಎಳೆದುಕೊಂಡು ಎಲ್ಲ ಅಂಕಿಗಳನ್ನೂ ಪೆನ್ನಿನಲ್ಲಿ ಬರೆದು ಸಹಿ ಹಾಕಿದ. ಆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಬರೆದದ್ದು ಅದಕ್ಕಾಗಿಯೇ.

ವಸತಿ ವಿಭಾಗದ ಅಧಿಕಾರಿ ಸರ್ವೋತ್ತಮ ಕುಂದಾಪುರದ ಕಡೆಯವರು. ಎದುರಿಗೆ ಹಮೀದ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಲಿಯೊನೆಲ್ ನಿಂತುಕೊಂಡೇ ಮೀಟರಿನ ಅಂಕಿಗಳನ್ನು ಹೇಳಿದ.

"ಅಂದ್ರೆ ಮೂರೂ ದೂರು?" ಸರ್ವೋತ್ತಮ ಕೇಳಿದರು.

"ಮೂರೂ ತಪ್ಪು. ನೀರು ನನ್ನ ಏಸಿಯದ್ದು."

"ಇಷ್ಟು ದಿನ ಕೆಮಿಸ್ಟಿಗೆ ಗೊತ್ತಾಗ್ಲಿಲ್ಯಾ?"

"ಪರೀಕ್ಷೆ ಮಾಡಿರ್ಲಿಲ್ಲ."

ಸರ್ವೋತ್ತಮ ಅವನನ್ನು ಒಮ್ಮೆ ನೋಡಿ ಫೈಲಿನ ಮೇಲೆ ಏನೋ ಗೀಚಿ ಮುಚ್ಚಿದರು. "ಖಲಾಸ್. ಹೋಯ್ನಿ ಇಬ್ರೂ."

ಹೊರಗೆ ಲಿಫ್ಟಿಗೆ ಕಾಯುತ್ತಿದ್ದಾಗ ಹಮೀದ್ ಬಾಯಿ ಬಿಟ್ಟ. "ನಂಗೆ ಹೇಳಿದ್ದು ಸಾಕು. ಸಂಜೆ ಬಂದು ಝುಲೈಖಳಿಗೆ ಹೇಳಿ."

ಸಂಜೆ ಲಿಯೊನೆಲ್ ಮೆಟ್ಟಿಲು ಹತ್ತಿದ. ಝುಲೈಖ ಅವನನ್ನು ಕೂರಿಸಲಿಲ್ಲ. ಮೊಣಕಾಲಿಗೆ ಕಟ್ಟಿದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ನೇರ ಬಾತ್‌ರೂಮಿಗೆ ಕರೆದುಕೊಂಡು ಹೋದಳು. ನೆಲ ಹಾಲ್‌ನ ನೆಲದಷ್ಟೇ ಒಣಗಿತ್ತು. ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಟಬ್ಬು, ಹಗ್ಗದ ಮೇಲೆ ಹರಿದ ಬೆಡ್‌ಶೀಟಿನ ತುಂಡುಗಳು.

"ಮೊದಲ ಕಾಗದ ಬಂದಂದಿನಿಂದ ಮೂರು ಜನರದ್ದೂ ಟಬ್ಬಿನಲ್ಲಿ ನಿಂತು ಸ್ನಾನ," ಅಂದಳು. "ನಮಾಜಿಗೆ ಕೈಕಾಲು ತೊಳೆಯುದೂ ಅದರಲ್ಲೇ. ಹೊರಗೆ ಬಿದ್ದದ್ದನ್ನು ಮೊಣಕಾಲೂರಿ ಕೂತು ಒರೆಸಿದೆ. ಆದ್ರೂ ಸೋರ್ತದೆ ಅಂತ ಎರಡನೇ ಕಾಗದ ಕೊಟ್ರಿ. ಮತ್ತೆ ಎರಡೆರಡು ಸಲ ಒರೆಸಿದೆ."

ಆ ಆರು ವಾರದಲ್ಲಿ ಸೋರಿಕೆ ಒಂದು ಹನಿಯಷ್ಟೂ ಕಡಿಮೆಯಾಗಿರಲಿಲ್ಲ. ಲಿಯೊನೆಲ್ ಅದನ್ನು ಗಮನಿಸಿದ್ದ. ದೂರಿನಲ್ಲಿ ಬರೆದೂ ಇದ್ದ.

"ನಂದು ತಪ್ಪಾಯ್ತು," ಅಂದ.

"ಅದು ನಮಗೆ ಗೊತ್ತಾಯ್ತು. ಮೊಣಕಾಲಿಗೆ ಹೇಗೆ ಹೇಳುದು?"

ಒಳಕೋಣೆಯಲ್ಲಿ ಜುಮಾನಾ ಯಾವುದೋ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವನು ಹೊರಟಾಗ ಹಮೀದ್ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, "ಬಾಲ್ಕನಿಯದ್ದು ಮಾತ್ರ ನಮ್ಮದೇ ನೀರು ಮಾರಾಯ್ರೇ," ಅಂದ.

"ಅದು ಗೊತ್ತುಂಟು."

ಮರುದಿನ ಬಂದ ಕೆಲಸಗಾರ ಪೈಪಿನಿಂದ ಒಂದು ಮುಷ್ಟಿ ಕಪ್ಪು ಲೋಳೆ ಎಳೆದು ತೆಗೆದ.

ಶನಿವಾರ ಆರು ಗಂಟೆಗೆ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, ಆರು ವಾರದಲ್ಲಿ ಮೊದಲ ಬಾರಿಗೆ, ಬಕೆಟ್ ನೀರು ನೆಲಕ್ಕೆ ಬಿದ್ದ ಸದ್ದು. ಗೋಡೆಯೊಳಗಿನ ಪೈಪಿನಲ್ಲಿ ಅದು ಇಳಿದು ಹೋಗುವವರೆಗೂ ಲಿಯೊನೆಲ್ ರೇಜರ್ ಹಿಡಿದು ನಿಂತಿದ್ದ. ಇನ್ನೊಂದು ಬಕೆಟ್. ಮತ್ತೊಂದು. ಒಬ್ಬರ ಸ್ನಾನಕ್ಕೆ ಅಷ್ಟು ನೀರು ಬೇಡ. ಅವನ ನೆತ್ತಿಯ ಮೇಲೆ ಏನೂ ಬೀಳಲಿಲ್ಲ.

"ಹೊರಗೆ ಬಟ್ಟೆ ಪುನಃ ಒದ್ದೆ," ಕಾರ್ಮಿನ್ ಬಾಲ್ಕನಿಯಿಂದ ಕೂಗಿ ಹೇಳಿದಳು.

"ಅದು ಮೇಲಿನವರದ್ದೇ."

"ಪರೀಕ್ಷೆ ಮಾಡಿದ್ಯಾ?"

ಲಿಯೊನೆಲ್ ಉಳಿದರ್ಧ ಗಡ್ಡ ಹೆರೆದು, ಮುಖ ಒರೆಸಿಕೊಂಡು, ಬಟ್ಟೆ ಒಳಗೆ ತರಲು ಹೋದ.