ಮೂರು ಮೆಟ್ಟಿಲು

ಮನೆ ಮುಂದಿನ ಕೆಳಗಿನ ಮೆಟ್ಟಿಲ ಮೇಲೆ ಬೀದಿಗೆ ಕಾಲು ಚಾಚಿಕೊಂಡು ತಮ್ಮ ಕೂತಿದ್ದ. ಶಾಲೆಯಿಂದ ಮಧ್ಯಾಹ್ನವೇ ಮನೆಗೆ ಬರುತ್ತಿದ್ದ ಅವನ ಅಕ್ಕ, ಟೀಚರ್, ದೂರದಿಂದ ನೋಡಿ, ನಡೆದೇ ಬಂದುಬಿಟ್ಟನೇನೋ ಎಂದುಕೊಂಡಳು. ಹೆಜ್ಜೆ ಜೋರು ಮಾಡಿದಳು. ಹತ್ತಿರ ಬಂದಾಗ ಮೊಣಕೈಯ ರಕ್ತವೂ ಹರಿದ ಪೈಜಾಮವೂ ಕಂಡವು.

"ಅಯ್ಯೋ ದೇವರೇ! ಯಾರೋ ನಿನ್ನ ಇಲ್ಲಿ ತಂದು ಕೂರಿಸಿದ್ದು?"

"ಯಾರೂ ಇಲ್ಲಕ್ಕ, ನಾನೇ ತೆವಳಿಕೊಂಡು ಬಂದೆ. ಒಳಗೆ ಎತ್ತಿ ಕೂರಿಸ್ತೀವಿ ಅಂತ ಇಬ್ಬರು ಬಂದ್ರು, ಬೇಡ ಅಂದೆ." ಅವನು ನಕ್ಕ. "ಬೆಳಗ್ಗೆಯಿಂದ ಬೀದಿ ಎಲ್ಲಾ ನೋಡಾಯ್ತು. ಬೀದಿಯವರೂ ನನ್ನ ನೋಡಾಯ್ತು."

ಎಂಟು ತಿಂಗಳ ಹಿಂದೆ ಏಣಿಯಿಂದ ಬಿದ್ದಾಗ ಅವನ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಗಡಿಯಾರ ರಿಪೇರಿ ಮಾಡುವವನು. ಕೈಗೇನೂ ಆಗಿರಲಿಲ್ಲ, ಅಂಗಡಿಯೂ ನಾಲ್ಕು ಮನೆ ಆಚೆಗೇ ಇತ್ತು. ಪಾಸ್ಟರ್ ವೀಲ್‌ಚೇರ್ ತಂದುಕೊಟ್ಟು, ಮೆಟ್ಟಿಲ ಮೇಲೆ ಇಳಿಜಾರು ಹಲಗೆ ಹಾಕಿಸಿ ಎಂದಿದ್ದರು. ಟೀಚರ್ ಒಪ್ಪಬೇಕಲ್ಲ! ಗುಣಪಡಿಸುತ್ತೇನೆಂಬ ದೇವರ ವಾಗ್ದಾನ ಹಿಡಿದು ಪ್ರಾರ್ಥಿಸುವವಳು ಬಾಗಿಲಿಗೆ ಹಲಗೆ ಹಾಕಿಸಿದರೆ, ನೀನು ಮಾತಿಗೆ ತಪ್ಪುತ್ತೀಯ ಎಂದು ದೇವರ ಮುಖದ ಮೇಲೇ ಹೇಳಿದ ಹಾಗಲ್ಲವೇ? ವೀಲ್‌ಚೇರ್ ಅಟ್ಟ ಸೇರಿತು. ಸಾಲದ್ದಕ್ಕೆ ಚರ್ಚಿನ ಸಭೆಯಲ್ಲಿ ಎದ್ದು ನಿಂತು, ಬೇಸಿಗೆ ಮುಗಿಯುವುದರೊಳಗೆ ನನ್ನ ತಮ್ಮ ಈ ಬಾಗಿಲಿಂದ ನಡೆದು ಬರುತ್ತಾನೆ ಎಂದು ಸಾಕ್ಷಿ ಹೇಳಿದಳು. ಎಲ್ಲರೂ ಆಮೆನ್ ಎಂದರು. ಬೇಸಿಗೆ ಬಂತು, ಹೋಯಿತು. ಈಗ ಅವಳು ಆರಾಧನೆಗೆ ಹೋದರೆ ಹಿಂದಿನ ಬೆಂಚಿನಲ್ಲಿ ಕೂತು, ಯಾರಿಗೂ ಮುಖ ಕೊಡದೆ ಎದ್ದು ಬರುತ್ತಿದ್ದಳು.

"ಒಳಗೆ ನಿಂಗೇನು ಕಮ್ಮಿ ಮಾಡಿದ್ದೆ?" ದನಿ ಗಡುಸಾಯಿತು. "ನಂಬಿಕೇನೇ ಬಿಟ್ಟುಬಿಟ್ಟೆಯೇನೋ?"

"ಬಿಟ್ಟಿಲ್ಲಕ್ಕ. ಜೊತೆಗಿರ್ತೀನಿ ಅಂತ ದೇವರು ಮಾತು ಕೊಟ್ಟಿದ್ದಾನೆ. ನಂಬಿದೀನಿ. ತೆವಳೋವಾಗಲೂ ಇದ್ದ." ತಮ್ಮ ಮೊಣಕೈ ಒರೆಸಿಕೊಂಡ. "ಬೇಸಿಗೆ ಅಂತ ಗಡುವು ಹಾಕಿದ್ದು ಮಾತ್ರ ನೀನು."

ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು. ಇಷ್ಟು ದಿನ ಅವನು ಏನನ್ನೂ ಬಾಯಿಬಿಟ್ಟು ಕೇಳಿರಲಿಲ್ಲ. ಅದನ್ನೇ ಅವನ ವಿಶ್ವಾಸ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ಬೀಗಿದ್ದಳು. ಅಕ್ಕನ ಮಾನ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದಾನೆಂಬುದು ಹೊಳೆದೇ ಇರಲಿಲ್ಲ. ಅವನ ಕಂಕುಳಿಗೆ ಕೈಕೊಟ್ಟು ಎತ್ತಲು ನೋಡಿದಳು. ಇಬ್ಬರೂ ಮುಗ್ಗರಿಸುವುದರಲ್ಲಿದ್ದರು.

ಊಟಕ್ಕೆ ಮನೆಗೆ ಬಂದಿದ್ದ ಎದುರು ಮನೆಯ ಬಡಗಿ ಓಡಿಬಂದ. ಅವನೂ ಅದೇ ಸಭೆಯವನು; ಅಂದು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವನು. ತಮ್ಮನನ್ನು ಎತ್ತಿ ಬಾಗಿಲ ಒಳಗಿನ ಬೆಂಚಿನ ಮೇಲೆ ಕೂರಿಸಿದ. ಮೆಟ್ಟಿಲುಗಳನ್ನು ಒಮ್ಮೆ ನೋಡಿ, ಯಾರೂ ಹೇಳದೆಯೇ ಜೇಬಿನಿಂದ ಟೇಪು ತೆಗೆದು ಅಳೆಯತೊಡಗಿದ. ಟೀಚರ್ ಬೇಡ ಎನ್ನಲಿಲ್ಲ.

"ಇಳಿಜಾರು ಹಲಗೆ ಎರಡು ಥರ ಮಾಡ್ಬೋದು, ಟೀಚರ್," ಎಂದ. "ಸ್ವಲ್ಪ ದಿನಕ್ಕೆ ಸಾಕು ಅಂದ್ರೆ ಪ್ಲೈವುಡ್ಡು. ಬೇಡ ಅಂದಾಗ ತೆಗೆದಿಡ್ಬೋದು. ವರ್ಷಗಟ್ಟಲೆ ಬೇಕು ಅಂದ್ರೆ ಗಟ್ಟಿ ಮರ ಹಾಕಿ, ಬೋಲ್ಟ್ ಹೊಡೆದು ಕೂರಿಸ್ತೀನಿ. ಯಾವ್ದು ಮಾಡ್ಲಿ?"

ಕೊಂಕು ಇರಲಿಲ್ಲ ಅದರಲ್ಲಿ. ಕೆಲಸ ಮಾಡುವವನು ಕೇಳಲೇಬೇಕಾದ ಮಾತು. ಅವಳು ತಮ್ಮನ ಕಡೆ ನೋಡಿದಳು. ಅವನು ಬೀದಿಯ ಕಡೆ ನೋಡುತ್ತಿದ್ದ.

"ವರ್ಷಗಟ್ಟಲೆ," ಎಂದಳು. ಐವತ್ತು ಮಕ್ಕಳ ತರಗತಿಯನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವವಳ ದನಿ ಗಂಟಲಲ್ಲೇ ಉಳಿಯಿತು.

"ಏನಂದ್ರಿ?" ಬಡಗಿ ಕಿವಿ ಹತ್ತಿರ ತಂದ. ಅವನ ಹೆಂಡತಿ, ಪಕ್ಕದ ಮನೆಯವರು, ಎಲ್ಲರೂ ತಂತಮ್ಮ ಬಾಗಿಲಿಗೆ ಬಂದಿದ್ದರು.

ಅವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಬೇಕಾಯಿತು.