ಬಾಟಲಿಯ ಮೇಲಿನ ಮನೆ

ಮುದ್ರಣಾಲಯದ ಯಂತ್ರ ಮಾರಿದ ಮೇಲೆ ಯಜಮಾನರಿಗೆ ಹೊತ್ತು ಕಳೆಯುವುದೇ ದೊಡ್ಡ ಕೆಲಸವಾಯಿತು. ಮಸಿ ಕಲಸುವ ಹಾಗಿಲ್ಲ, ಕಾಗದ ಕತ್ತರಿಸುವ ಹಾಗಿಲ್ಲ. ಸುಮ್ಮನೆ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡುವುದು, ಹೆಂಡತಿಯಿಂದ ಬೈಸಿಕೊಳ್ಳುವುದು. ಹೀಗೆ ಚೆನ್ನಾಗಿ ಬೈಸಿಕೊಂಡ ಒಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ದೊಡ್ಡದೊಂದು ನಕ್ಷೆ ಹರಡಿ, "ಹೊರಡೋಣ ಕಣೇ" ಎಂದರು.

"ಎಲ್ಲಿಗೆ?"

"ನಾವು ಲೇಬಲ್ ಮಾಡ್ಕೊಟ್ಟ ವೈನರಿಗಳಿಗೆ. ಇಷ್ಟು ವರ್ಷ ಅವರ ಬಾಟಲಿಗಳಿಗೆ ಬಟ್ಟೆ ತೊಡಿಸಿ ಕಳಿಸಿದೀವಿ. ಒಳಗೇನಿದೆ ಅಂತ ಒಂದ್ಸಲಾನಾದ್ರೂ ನೆಟ್ಟಗೆ ರುಚಿ ನೋಡಿದೀವಾ?"

ಮಾತು ನಿಜ. ಅವರ ಗಿರಾಕಿಗಳೆಲ್ಲ ಸಣ್ಣವರು. ಗುಡ್ಡದ ಒಂದು ಮಗ್ಗುಲಲ್ಲಿ ದ್ರಾಕ್ಷಿ ಬಳ್ಳಿ, ಒಂದು ಶೆಡ್ಡು, ನಾಲ್ಕು ಪೀಪಾಯಿ, ಜಗಳವಾಡುವ ಗಂಡ ಹೆಂಡತಿ, ಒಂದು ನಾಯಿ, ಇಷ್ಟೇ ಅವರ ಕಂಪನಿ. ಕೆಲಸ ಬರುತ್ತಿದ್ದದ್ದು ಫೋನಿನಲ್ಲಿ. ಅವರು ತಮ್ಮ ಬಾವಿಯನ್ನೋ ಕೋಳಿಯನ್ನೋ ಬಾಯಲ್ಲಿ ವರ್ಣಿಸುವರು, ಯಜಮಾನರ ಹೆಂಡತಿ ಅದನ್ನು ಕೇಳಿ ಚಿತ್ರ ಬರೆದು ಮರದ ಅಚ್ಚು ಕೆತ್ತುವಳು, ಯಜಮಾನರು ಮುದ್ರಿಸುವರು. ಯಾವ ಬಾವಿಯನ್ನೂ ಯಾವ ಕೋಳಿಯನ್ನೂ ಇಬ್ಬರೂ ಕಣ್ಣಾರೆ ಕಂಡವರಲ್ಲ. ಮಾದರಿಗೆಂದು ಬಾಟಲಿ ಬಂದರೆ ಯಜಮಾನರು ಅದನ್ನು ಮಧ್ಯಾಹ್ನದ ಊಟದ ಜೊತೆ ನೀರಿನ ಹಾಗೆ ಕುಡಿದು "ಚೆನ್ನಾಗಿದೆ" ಅನ್ನುತ್ತಿದ್ದರು. ಕೆಟ್ಟದ್ದಕ್ಕೂ ಅದೇ ಮಾತು.

ಕಾರು ಓಡಿಸಲು ಯಜಮಾನರ ತಂಗಿಯ ಮಗಳು ಒಪ್ಪಿದಳು. ಅವಳು ಹಿಂದೆ ಹೋಟೆಲೊಂದರಲ್ಲಿ ವೈನ್ ಬಡಿಸುವ ಕೆಲಸದಲ್ಲಿದ್ದವಳಾದ್ದರಿಂದ ಬಂದವಳೇ ಕಾನೂನು ಹೇರಿದಳು.

"ಮಾವ, ದಿನಕ್ಕೆ ಎರಡೇ ಕಡೆ. ಮೂರನೇದಕ್ಕೆ ಹೋಗೋ ಹೊತ್ತಿಗೆ ನಾಲಿಗೆ ಸತ್ತಿರುತ್ತೆ. ಮುಂಚೆನೇ ಫೋನ್ ಮಾಡ್ಬೇಕು, ಚಿಕ್ಕೋರು ಬಾಗಿಲು ತೆಗೆದಿಟ್ಕೊಂಡು ನಮಗೋಸ್ಕರ ಕಾಯ್ತಾ ಕೂತಿರಲ್ಲ. ಸೆಂಟು ಹಾಕ್ಕೊಂಡು ಬರೋ ಹಾಗಿಲ್ಲ, ವೈನಿನ ವಾಸನೆ ಸಿಗಲ್ಲ. ಆಮೇಲೆ ಮುಖ್ಯವಾಗಿ, ತಲೆಗೇರದ ಹಾಗೆ ರುಚಿ ನೋಡಿ ಉಗುಳೋದು ಕಲೀಬೇಕು."

"ಉಗುಳೋದಾ?" ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾರೋ ಒಂದು ವರ್ಷ ಮೈ ಮುರಿದು ಮಾಡಿದ್ದನ್ನ ಅವರೆದುರಿಗೇ ಉಗುಳೋದಾ? ಥೂ!"

"ನೋಡಿ, ಬಂತಲ್ಲ. ಹೀಗೇ."

ಅಂದು ಇಡೀ ಮಧ್ಯಾಹ್ನ ಯಜಮಾನರು ಸಿಂಕಿನ ಮುಂದೆ ನಿಂತು ನೀರು ಬಾಯಿಗೆ ಹಾಕಿಕೊಂಡು ಉಗುಳುವ ಅಭ್ಯಾಸ ಮಾಡಿದರು. ಅಂಗಿ ಒದ್ದೆ, ನೆಲ ಒದ್ದೆ, ಸಿಂಕೊಂದು ಮಾತ್ರ ಒಣಗಿತ್ತು. ನಕ್ಕು ನಕ್ಕು ಹೆಂಡತಿಗೆ ಪಕ್ಕೆ ಹಿಡಿದುಕೊಂಡಿತು. ಯಂತ್ರ ಮನೆಯಿಂದ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ನಗು ಕೇಳಿಸಿರಲಿಲ್ಲ.

ಆಕೆಗೂ ಉಮೇದು ಬಂತು. ಕಪಾಟಿನಿಂದ ಹಳೆಯ ಲೇಬಲ್ಲುಗಳನ್ನು ತೆಗೆದು ನಕ್ಷೆಯ ಮೇಲೆ ಒಂದೊಂದನ್ನೂ ಅದರದರ ಜಾಗದಲ್ಲಿ ಇಡತೊಡಗಿದಳು. ಕಾಗದಕ್ಕೆ ಇನ್ನೂ ಮಸಿಯ ವಾಸನೆಯಿತ್ತು. ಇದು ನದಿ ತಿರುವಿನ ಅಜ್ಜಿಯದು, "ಕೋಳಿಗೆ ಇನ್ನೂ ಸ್ವಲ್ಪ ಕೋಪ ಬರಿಸಮ್ಮ" ಎಂದು ಪ್ರಾಣ ತಿಂದಿದ್ದಳು. ಇದು ಅಣ್ಣತಮ್ಮಂದಿರದು, ಇಬ್ಬರಿಗೂ ಮಾತು ಬಿಟ್ಟುಹೋಗಿ ಅರ್ಧ ಲೇಬಲ್ಲಿಗೆ ಅವನ ಒಪ್ಪಿಗೆ, ಉಳಿದರ್ಧಕ್ಕೆ ಇವನ ಒಪ್ಪಿಗೆ. ಆ ದಿನಗಳಲ್ಲಿ ಒದ್ದೆ ಲೇಬಲ್ಲುಗಳನ್ನು ಹಗ್ಗಕ್ಕೆ ನೇತುಹಾಕಿ, ಅವುಗಳ ಕೆಳಗೆ ಬಗ್ಗಿ ಬಗ್ಗಿ ಓಡಾಡುತ್ತಿದ್ದರು. ಎಷ್ಟು ಚೆನ್ನಾಗಿತ್ತು ಎಂದು ಆಗ ಅನಿಸಿರಲಿಲ್ಲ. ಬೆನ್ನು ನೋವು ಎಂದಷ್ಟೇ ಅನಿಸಿತ್ತು.

ಯಜಮಾನರು ಗುಡ್ಡದ ತುದಿಯ ವೈನರಿಯ ಲೇಬಲ್ ಇಟ್ಟರು. ಆಕೆ ತಕ್ಷಣ ಅದನ್ನು ಎತ್ತಿಕೊಂಡಳು. "ಇದು ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ ರೀ."

ಆ ಲೇಬಲ್ಲಿನಲ್ಲಿ ಒಂದು ಮನೆಯಿದೆ. ಮೂರು ಮೆಟ್ಟಿಲು, ಹಸಿರು ಬಾಗಿಲು, ಪಕ್ಕದಲ್ಲೊಂದು ಕಲ್ಲುಬೆಂಚು. ಆ ಗಿರಾಕಿ ಆಗ ಇನ್ನೂ ಎಳೆಯ ಹುಡುಗ, ಹೊಸದಾಗಿ ಕಸುಬಿಗೆ ಕೈಹಾಕಿದ್ದ. ಚಿತ್ರಕ್ಕೆ ನಿಮ್ಮಲ್ಲಿ ಏನಿದೆ ಎಂದು ಕೇಳಿದರೆ, "ತಗಡಿನ ಶೆಡ್ಡು ಬಿಟ್ರೆ ಏನಿಲ್ಲ. ನೀವೇ ಒಂದು ಮನೆ ಬರೀರಿ, ನೋಡಿದೋರಿಗೆ ಒಳಗೆ ಹೋಗ್ಬೇಕು ಅನ್ನಿಸ್ಬೇಕು" ಎಂದಿದ್ದ. ಹಾಗೆ ಅನ್ನಿಸುವ ಮನೆ ಆಕೆಗೆ ಗೊತ್ತಿದ್ದದ್ದು ಒಂದೇ, ತನ್ನ ತವರು. ರಸ್ತೆ ಅಗಲ ಮಾಡುವವರು ಅದನ್ನು ಯಾವತ್ತೋ ಕೆಡವಿದ್ದರು. ಬಾಡಿಗೆ ಕೋಣೆಗೆ ಬಂದ ತಾಯಿ ಹೆಚ್ಚು ದಿನ ಬಾಳಲಿಲ್ಲ. ಒಡಹುಟ್ಟಿದವರಿಲ್ಲ, ಮನೆಯ ಒಂದು ಫೋಟೋ ಕೂಡ ಉಳಿದಿರಲಿಲ್ಲ.

ಅಚ್ಚಿನಲ್ಲಿ ಎಡಕ್ಕಿರುವುದು ಕಾಗದದ ಮೇಲೆ ಬಲಕ್ಕೆ ಬರುತ್ತದೆ. ಬೇರೆಯವರ ಮನೆಯಾದರೆ ತಿರುಗಿಸಿ ಕೆತ್ತುವುದು ಆಕೆಯ ಕೈಗೇ ಗೊತ್ತಿತ್ತು. ತನ್ನ ಮನೆಯ ಸರದಿ ಬಂದಾಗ ಮೈಮರೆತು ಇದ್ದದ್ದನ್ನು ಇದ್ದ ಹಾಗೇ ಕೆತ್ತಿಬಿಟ್ಟಳು. ಮೊದಲ ಕಾಗದ ಹೊರಬಂದಾಗ ಬಲಗಡೆಯ ಬೆಂಚು ಎಡಗಡೆ ಕೂತಿತ್ತು. ಗಿರಾಕಿಗೆ ಅವಸರ, ಹೋಗಲಿ ಬಿಡು ಎಂದುಕೊಂಡಳು. ಬರಬರುತ್ತಾ ಆ ಮನೆ ಆ ಗುಡ್ಡದ ಮೇಲೆ, ರಸ್ತೆಯವರ ಕೈಗೆ ಸಿಗದ ಜಾಗದಲ್ಲಿ, ನಿಜವಾಗಿಯೂ ಇದೆ ಎಂದೇ ಅನಿಸತೊಡಗಿತ್ತು.

"ಅಲ್ಲಿಗೆ ಹೋದ್ರೆ ಏನಿರುತ್ತೆ? ತಗಡಿನ ಶೆಡ್ಡು," ಎಂದಳು ಗಂಡನಿಗೆ. "ನಮ್ಮನೆ ಒಂದ್ಸಲ ಬಿದ್ದಿದ್ದೇ ಸಾಕು. ಇನ್ನೊಂದ್ಸಲ ಬೀಳೋದನ್ನ ನೋಡೋಕೆ ನನ್ನ ಕೈಲಾಗಲ್ಲ."

ಯಜಮಾನರು ಲೇಬಲ್ಲನ್ನು ಕಪಾಟಿಗೆ ಸೇರಿಸಿದರು. ಆದರೆ ಚುರುಕು ಹುಡುಗಿ ಅಷ್ಟರಲ್ಲಿ ಎಲ್ಲರಿಗೂ ಫೋನ್ ಮಾಡಿ ಮುಗಿಸಿದ್ದಳು.

"ಅತ್ತೆ, ಗುಡ್ಡದವರು ಬಿಡೋ ಹಾಗೇ ಇಲ್ಲ. ಆ ಮನೆ ಬರೆದೋರು ಬರ್ಲೇಬೇಕು, ಬಂದು ಮನೆ ನೋಡ್ಬೇಕು ಅಂತ ಒಂದೇ ಹಠ."

"ಯಾವ ಮನೆ?"

"ಬಾಟಲಿ ಮೇಲಿರೋ ಮನೆನೇ ಅಂತೆ."

ಆಕೆ ಎರಡು ದಿನ ಆ ವಿಷಯ ಎತ್ತಲೇ ಇಲ್ಲ. ಸಾರಿಗೆ ಉಪ್ಪು ಹಾಕಲು ಮರೆತಳು, ಮತ್ತೊಮ್ಮೆ ಎರಡು ಸಲ ಹಾಕಿದಳು. ಯಜಮಾನರು ಎರಡನ್ನೂ "ಚೆನ್ನಾಗಿದೆ" ಎಂದು ಉಂಡರು. ಮೂರನೆಯ ದಿನ ಆಕೆಯೇ ನಕ್ಷೆಯ ಮುಂದೆ ಬಂದು ಕೂತು, "ಮೊದಲು ಅಲ್ಲಿಗೇ ಹೋಗೋಣ," ಎಂದಳು. "ನಾಲಿಗೆ ಸಾಯೋ ಮುಂಚೆ."

ಕಾರು ಗುಡ್ಡ ಹತ್ತುವಾಗ ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಕಾರು ನಿಂತಿತು. ಯಜಮಾನರು "ಅಯ್ಯೋ" ಎಂದದ್ದು ಕೇಳಿ ಕಣ್ಣು ಬಿಟ್ಟಳು.

ಮೂರು ಮೆಟ್ಟಿಲು. ಹಸಿರು ಬಾಗಿಲು. ಎಡಗಡೆ ಕಲ್ಲುಬೆಂಚು.

ಆ ಹುಡುಗ ಈಗ ತಲೆ ನರೆತ ಗಂಡಸಾಗಿದ್ದ. ಸಂಭ್ರಮದಿಂದ ಓಡಿಬಂದ. "ಬಂದೋರೆಲ್ಲ ಬಾಟಲಿ ಹಿಡ್ಕೊಂಡು ಈ ಮನೆ ಎಲ್ಲಿ ಅಂತ ಕೇಳೋರು ಅಮ್ಮ. ಇಲ್ಲ ಅಂದ್ರೆ ಮುಖ ಸಣ್ಣಗೆ ಮಾಡ್ಕೊಂಡು ಹೋಗೋರು. ಕೊನೆಗೆ ಕಟ್ಟೇಬಿಟ್ಟೆ. ಭೂತಗನ್ನಡಿ ಇಟ್ಕೊಂಡು ನೋಡಿ ನೋಡಿ ಕಟ್ಸಿದ್ದು. ಗೋಡೆ ಮೇಲೆ ಆ ಬಿರುಕು ಕಾಣ್ಸುತ್ತಲ್ಲ? ಅದನ್ನೂ ಬಿಟ್ಟಿಲ್ಲ. ಗಾರೆಯವನು ನಂಗೆ ಹುಚ್ಚು ಅಂದ."

ಅದು ಬಿರುಕಲ್ಲ, ಕೆತ್ತುವಾಗ ಆಕೆಯ ಉಳಿ ಜಾರಿದ ಗೆರೆ. ಆಕೆಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಹೋಗಿ ಬೆಂಚಿನ ಮೇಲೆ ಕೂತಳು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು.

ಅವನು ಲೋಟಗಳಿಗೆ ಕೆಂಪು ವೈನ್ ಬಗ್ಗಿಸಿದ. ಹುಡುಗಿ ಕಲಿಸಿದಂತೆ ಆಕೆ ಲೋಟ ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಹಿಡಿದಳು. ಮೊದಲು ಹುಳಿ, ಆಮೇಲೆ ಒಗರು, ನುಂಗಿದ ಮೇಲೆ ಎದೆಯವರೆಗೂ ಇಳಿದ ಬಿಸುಪು. ಯಜಮಾನರೂ ಉಗುಳಲಿಲ್ಲ. "ಚೆನ್ನಾಗಿದೆ" ಎಂದರು. ಈ ಸಲ ನಿಧಾನವಾಗಿ ಹೇಳಿದರು.

ಆಕೆ ಕಣ್ಣು ಮುಚ್ಚಿ ತನ್ನ ತವರನ್ನು, ಬೆಂಚು ಬಲಗಡೆ ಇದ್ದ ಆ ಮನೆಯನ್ನು, ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಬೆಂಚು ಎಡಗಡೆಯೇ ಇತ್ತು. ಮತ್ತೆ ನೋಡಿದಳು. ಆಗಲೂ ಎಡಗಡೆ. ಬಲಗಡೆ ಎಂಬ ಮಾತು ಗೊತ್ತು, ಆದರೆ ಕಣ್ಣಿಗೆ ಬರುತ್ತಿಲ್ಲ. ಬೀಳುವುದನ್ನು ನೋಡಲಾರೆ ಎಂದು ಹೆದರಿದ್ದವಳ ಮನೆ, ಸದ್ದೇ ಇಲ್ಲದೆ, ಎದ್ದು ನಿಂತ ಮನೆಯ ಹಿಂದೆ ಮರೆಯಾಗಿಹೋಗಿತ್ತು. ಆಕೆಗೆ ನಿಜವಾಗಿ ಭಯವಾಯಿತು.

"ರೀ," ಎಂದಳು, "ನಮ್ಮನೇಲಿ ಕಲ್ಲುಬೆಂಚು ಯಾವ ಕಡೆ ಇತ್ತು?"

ಆಕೆಯನ್ನು ಬಿಟ್ಟರೆ ಆ ಮನೆಯನ್ನು ಕಂಡವರಲ್ಲಿ ಬದುಕಿರುವುದು ಇನ್ನು ಯಜಮಾನರೊಬ್ಬರೇ. ಮದುವೆಗೆ ಮುಂಚೆ, ಯಾವುದೋ ಚಿತ್ರ ತಿದ್ದಿಸುವ ನೆಪ ಮಾಡಿಕೊಂಡು ಒಂದೇ ಒಂದು ಸಲ ಬಂದಿದ್ದರು.

"ಬೆಂಚಿತ್ತಾ?" ಎಂದರು ಯಜಮಾನರು.

"ಇತ್ತಾ ಅಂದ್ರೆ? ನೀವು ಅದರ ಮೇಲೇ ಕೂತಿದ್ರಿ!"

"ಇರ್ಬೋದು. ನೀನು ಬಾಗಿಲಲ್ಲಿ ನಿಂತಿದ್ದೆ. ಎಡ ಬಲ ನೋಡೋಕೆ ನಂಗೆಲ್ಲಿ ಪುರುಸೊತ್ತಿತ್ತು ಕಣೇ?"

ಆಕೆ ಗಂಡನ ಮುಖವನ್ನೇ ನೋಡಿದಳು. ಲೋಟ ಬೆಂಚಿನ ಮೇಲಿಟ್ಟು ಎದ್ದಳು. ಮೂರು ಮೆಟ್ಟಿಲು ಹತ್ತಿ, ಹಸಿರು ಬಾಗಿಲು ತೆರೆದು, ಹೊಸ್ತಿಲ ಮೇಲೆ ನಿಂತು ಗಂಡನ ಕಡೆ ತಿರುಗಿದಳು.

"ಹೀಗಾ?"

"ಹೂಂ. ಹಾಗೇ. ಹಿಂದೆ ನಿಮ್ಮಮ್ಮ ನಿಂತಿದ್ರು. ಇವನ್ಯಾವನು ಅಂತ ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ನೋಡ್ತಿದ್ರು."

"ಅಮ್ಮ ಎಲ್ಲಿ ನಿಂತಿದ್ಲು?"

"ನಿನ್ನ ಭುಜದ ಹತ್ರ."

ಆಕೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.